ಧ್ಯಾನಕ್ಕೆ ಕೂರುವ ಮುನ್ನ ಏನಾಯಿತು? – ಒಂದು ಆಪ್ತಸಲಹೆ ಪ್ರಕರಣ

ಈ ಬರಹದಲ್ಲಿ ಬರುವವರ ಒಪ್ಪಿಗೆ ಪಡೆದು, ಹೆಸರು, ಊರು, ಕಸುಬು ಮತ್ತು ಕುಟುಂಬದ ಕೆಲವು ವಿವರಗಳನ್ನು ಗುರುತು ಹತ್ತದಂತೆ ಬದಲಾಯಿಸಿದ್ದೇನೆ. ಅವರನ್ನು ಇಲ್ಲಿ ಸದಾಶಿವಪ್ಪ ಎಂದು ಕರೆಯೋಣ. ವಯಸ್ಸು ನಲವತ್ತಾರು, ಮಧ್ಯ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ನನ್ನ ಬಳಿಗೆ ಮೊದಲು ಬಂದವರು ಅವರಲ್ಲ, ಅವರ ಪತ್ನಿ ಗಿರಿಜಾ. ಕುಳಿತ ತಕ್ಷಣ ಅವರು ಆಡಿದ ಮಾತು ಇದು: “ನಮ್ಮ ಮನೆಯವರಿಗೆ ಕುಡಿತ ಇಲ್ಲ, ಇಸ್ಪೀಟು ಇಲ್ಲ, ಈಗೀಗ ಸಿಟ್ಟೂ ಇಲ್ಲ ಮೇಡಂ. ದಿನಾ ಮೂರು ತಾಸು ಧ್ಯಾನಕ್ಕೆ ಕೂರ್ತಾರೆ. ಇದನ್ನ ದೂರು ಅಂತ ಯಾರ ಹತ್ತಿರ ಹೋಗಿ ಹೇಳಲಿ?”

ಧ್ಯಾನ ಮಾಡುವ ಗಂಡನ ಮೇಲೆ ದೂರು ಹೇಳುವ ಹೆಂಡತಿಯನ್ನು ನಮ್ಮ ಬಂಧುಬಳಗ ಒಳ್ಳೆಯ ಕಣ್ಣಿನಿಂದ ನೋಡುವುದಿಲ್ಲ ಎಂಬುದು ಗಿರಿಜಾ ಅವರಿಗೆ ಗೊತ್ತಿತ್ತು. ಆದರೂ ಅವರು ಒಂದೊಂದೇ ಸಂಗತಿಯನ್ನು ಬಿಡಿಸಿ ಹೇಳಿದರು. ಹದಿನಾಲ್ಕು ತಿಂಗಳ ಹಿಂದೆ ಅತ್ತೆ ತೀರಿಕೊಂಡಿದ್ದರು. ಕಾರ್ಯಗಳೆಲ್ಲ ಮುಗಿದು ಹದಿನೈದು ದಿನ ಕಳೆಯುವುದರೊಳಗೆ ಸದಾಶಿವಪ್ಪ ಅವ್ವನ ಕೋಣೆಯನ್ನು ಖಾಲಿ ಮಾಡಿಸಿದ್ದರು. ಮಂಚ, ಟ್ರಂಕು, ಸೀರೆಗಳು, ಊರುಗೋಲು ಎಲ್ಲವನ್ನೂ ಕೊಟ್ಟುಬಿಟ್ಟು, ಗೋಡೆಗೆ ಬಿಳಿ ಬಣ್ಣ ಹೊಡೆಸಿ, ಒಂದು ಚಾಪೆ ಮತ್ತು ಒಂದು ದಿಂಬು ಮಾತ್ರ ಇರಿಸಿ ಅದನ್ನು ಧ್ಯಾನದ ಕೋಣೆ ಮಾಡಿಕೊಂಡಿದ್ದರು. ಆ ನಡುವೆ ಒಂದು ಹತ್ತು ದಿನಗಳ ಮೌನ ಶಿಬಿರಕ್ಕೂ ಹೋಗಿ ಬಂದಿದ್ದರು. ಶಿಬಿರದಿಂದ ಬಂದ ಮೇಲೆ ಮನೆಯಲ್ಲಿ ಅವ್ವನ ಹೆಸರು ಎತ್ತಿದವರಿಗೆ ಉತ್ತರ ಸಿಗುತ್ತಿರಲಿಲ್ಲ. ಅವರು ಮುಗುಳ್ನಕ್ಕು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ವರ್ಷದ ಪುಣ್ಯಸ್ಮರಣೆಯ ದಿನ ಅಕ್ಕ, ಅಂದರೆ ಸದಾಶಿವಪ್ಪನವರ ಅಕ್ಕ, ಊಟದ ಪಂಕ್ತಿ ಏಳುವ ಹೊತ್ತಿನಲ್ಲಿ “ಅವ್ವನ ಬಳೆ ಎಲ್ಲಿವೆ ತಮ್ಮಾ?” ಎಂದು ಕೇಳಿದಾಗಲೂ ಅವರು ಹಾಗೆಯೇ ಒಳಗೆ ಹೋಗಿದ್ದರು. ಅಂದಿನಿಂದ ಅಕ್ಕ ಈ ಮನೆಗೆ ಬಂದಿಲ್ಲ.

ಗಿರಿಜಾ ಅವರ ಒತ್ತಾಯಕ್ಕೆ ಸದಾಶಿವಪ್ಪ ಒಂದು ಸಲ ಬಂದು ಹೋಗಲು ಒಪ್ಪಿದರು. ಬಂದವರು ಅಂಜಿದಂತೆಯೂ ಕಾಣಲಿಲ್ಲ, ಮುನಿದಂತೆಯೂ ಕಾಣಲಿಲ್ಲ. ತಮ್ಮ ಅಭ್ಯಾಸವನ್ನು ಬಹಳ ಸ್ಪಷ್ಟವಾಗಿ ವಿವರಿಸಿದರು: ಬೆಳಗಿನ ನಾಲ್ಕೂವರೆಯಿಂದ ಆರೂವರೆಯವರೆಗೆ ಒಮ್ಮೆ, ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಒಂದು ತಾಸು, ಅದರ ನಡುವೆ “ಬೇಕು ಅನ್ನಿಸಿದಾಗ” ಕೆಲವು ನಿಮಿಷ. ಅವ್ವನ ಬಗ್ಗೆ ವಿಚಾರ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಬಂದ ಕೂಡಲೇ ಉಸಿರಿಗೆ ವಾಪಸ್ ಬರ್ತೀನಿ. ಮೊದಲೆಲ್ಲ ಸ್ವಲ್ಪ ಹೊತ್ತು ಹಿಡೀತಿತ್ತು. ಈಗ ಒಂದು ಗಳಿಗೇನೂ ನಿಲ್ಲೋಕೆ ಬಿಡಲ್ಲ” ಎಂದರು. ಹೀಗೆ ನಿಲ್ಲಗೊಡದ ವಿಚಾರ ದಿನಕ್ಕೆ ಎಷ್ಟು ಸಲ ಬರುತ್ತದೆ ಎಂದು ಮತ್ತೆ ಕೇಳಿದಾಗ ಅವರು ಸ್ವಲ್ಪ ಯೋಚಿಸಿ, ಮೊದಲಿಗಿಂತ ಹೆಚ್ಚಾಗಿದೆ ಎಂದು ಒಪ್ಪಿಕೊಂಡರು. ನಿದ್ದೆ ರಾತ್ರಿ ಎರಡಕ್ಕೆ ಒಡೆಯುತ್ತಿತ್ತು. ನಾಲ್ಕೂವರೆಗೆ ಏಳುವುದು ಶಿಸ್ತು ಎಂದು ಮನೆಯವರೆಲ್ಲ ತಿಳಿದಿದ್ದರು. ವಾಸ್ತವವಾಗಿ ಅವರು ಎರಡಕ್ಕೇ ಎಚ್ಚರಗೊಂಡು ನಾಲ್ಕೂವರೆಗಾಗಿ ಕಾಯುತ್ತಿದ್ದರು. ಊಟ ಸೇರುತ್ತಿರಲಿಲ್ಲ, ವರ್ಷದಲ್ಲಿ ತೂಕ ಇಳಿದಿತ್ತು.

ಸಾಯುವ ವಿಚಾರ ಬಂದಿದೆಯೇ ಎಂಬ ಪ್ರಶ್ನೆಯನ್ನು ಇಂಥ ಸಂದರ್ಭದಲ್ಲಿ ನಾನು ಸುತ್ತಿಬಳಸದೆ ನೇರವಾಗಿಯೇ ಕೇಳುತ್ತೇನೆ. ಕೇಳಿದರೆ ಇಲ್ಲದ ವಿಚಾರ ಹುಟ್ಟಿಕೊಳ್ಳುತ್ತದೆ ಎಂಬ ಭಯ ಆಧಾರವಿಲ್ಲದ್ದು. ಅಂಥ ಯೋಜನೆ ಇಲ್ಲ, ಆದರೆ ಬೆಳಗಾಗದಿದ್ದರೆ ಚೆನ್ನ ಎನ್ನಿಸಿದ್ದುಂಟು ಎಂದರು. ಆದ್ದರಿಂದ ಬೇರೆ ಯಾವ ಮಾತಿಗಿಂತ ಮೊದಲು ಮನೋವೈದ್ಯರ ತಪಾಸಣೆ ಆಗಬೇಕೆಂದು ಹೇಳಿದೆ. ನಮ್ಮ ರಾಜ್ಯದಲ್ಲಿ ಇದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಲೇಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದಿಂದಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದು, ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ರಾತ್ರಿ ಎರಡರ ಹೊತ್ತಿಗೆ ಸಂಕಟ ಹೆಚ್ಚಾದರೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಮಾತನಾಡಬಹುದಾದ ಟೆಲಿ-ಮಾನಸ್ ಸಂಖ್ಯೆ 14416 ಅನ್ನು ಗಿರಿಜಾ ಅವರ ಫೋನಿನಲ್ಲಿಯೂ ಸೇರಿಸಿಸಿದೆ. ವೈದ್ಯರು ಮಧ್ಯಮ ಪ್ರಮಾಣದ ಖಿನ್ನತೆ ಎಂದು ಗುರುತಿಸಿ ಮಾತ್ರೆ ಆರಂಭಿಸಿದರು. ಜೊತೆಗೆ, ದೀರ್ಘಕಾಲ ಇಳಿಯದ ದುಃಖವನ್ನು ಈಗ ಪ್ರತ್ಯೇಕ ತೊಂದರೆಯೆಂದೇ ಪರಿಗಣಿಸುವ ಕ್ರಮವಿದೆ; 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿ ಐಸಿಡಿ-11 ಅದಕ್ಕೆ ಕನಿಷ್ಠ ಆರು ತಿಂಗಳ ಅವಧಿಯನ್ನು ಇಟ್ಟಿದೆ. ಆ ದೃಷ್ಟಿಯಿಂದಲೂ ಇವರನ್ನು ನೋಡಬೇಕಿತ್ತು.

ಧ್ಯಾನದ ಬಗ್ಗೆ ನಾನು ಮೊದಲಿಗೆ ಏನನ್ನೂ ಹೇಳಲಿಲ್ಲ. ಒಂದು ಪುಸ್ತಕದಲ್ಲಿ ಎರಡು ವಾರ ಮೂರೇ ವಿಷಯಗಳನ್ನು ಬರೆದು ತರುವಂತೆ ಕೇಳಿದೆ: ಕೂರುವ ಮುನ್ನ ಏನು ನಡೆಯಿತು, ಕೂತಾಗ ಏನು ಬಂತು, ಎದ್ದ ಮೇಲಿನ ಅರ್ಧ ತಾಸಿನಲ್ಲಿ ಏನು ಮಾಡಿದಿರಿ. ಧ್ಯಾನ ಒಬ್ಬ ವ್ಯಕ್ತಿಯನ್ನು ಕಷ್ಟದ ವಿಚಾರದ ಹತ್ತಿರಕ್ಕೆ ಒಯ್ಯುತ್ತಿದೆಯೋ ದೂರಕ್ಕೆ ಒಯ್ಯುತ್ತಿದೆಯೋ ಎಂಬುದನ್ನು ಕೂತ ಭಂಗಿಯಿಂದ ತಿಳಿಯಲಾಗದು, ಮುಖದ ಶಾಂತಿಯಿಂದಲೂ ತಿಳಿಯಲಾಗದು. ಧ್ಯಾನದಲ್ಲಿ ಸಿಕ್ಕ ಅನುಭವವನ್ನು ಕೇಳಿದರಂತೂ ಎಲ್ಲರೂ “ಹಗುರಾಯಿತು” ಎಂದೇ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಹಿಂದೆ ಮುಂದೆ ನಡೆದದ್ದನ್ನು ಜೋಡಿಸಿ ನೋಡಿದಾಗ ಮಾತ್ರ ದಿಕ್ಕು ಗೊತ್ತಾಗುತ್ತದೆ.

ಸದಾಶಿವಪ್ಪ ಲೆಕ್ಕ ಬರೆಯುವ ಮನುಷ್ಯ. ಪುಸ್ತಕವನ್ನು ಅಂಗಡಿಯ ಖಾತೆಯಷ್ಟೇ ಚೊಕ್ಕಟವಾಗಿ ಬರೆದು ತಂದರು. ಬೆಳಗಿನ ಧ್ಯಾನವನ್ನು ಬಿಟ್ಟು ಉಳಿದ ಒಂದೊಂದು ಸಲವೂ ಕೂರುವ ಮುನ್ನ ಏನೋ ಒಂದು ನಡೆದಿತ್ತು. ಅಕ್ಕನ ಫೋನು ಬಂದಿತ್ತು, ಆಂಬುಲೆನ್ಸ್ ಶಬ್ದ ಕೇಳಿಸಿತ್ತು, ಸೊಸೈಟಿಯ ಗುಮಾಸ್ತ ಅಂಗಡಿಯ ಮುಂದೆ ಹಾದು ಹೋಗಿದ್ದ. ಒಂದು ದಿನದ ಬರಹವನ್ನು ಅವರ ಅನುಮತಿಯಿಂದ ಇಲ್ಲಿ ಕೊಡುತ್ತೇನೆ. ಹಳ್ಳಿಯ ರೈತರೊಬ್ಬರು ಬಂದು, ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದೇನೆ, ಈ ಸಲ ಯೂರಿಯಾ ಮತ್ತು ಮೆಕ್ಕೆಜೋಳದ ಬೀಜವನ್ನು ಉದ್ರಿ ಕೊಡಿ ಎಂದು ಕೇಳಿದ್ದಾರೆ. ಇವರು “ಬಂದೆ” ಎಂದು ಹೇಳಿ ಗೋದಾಮಿಗೆ ಹೋಗಿ ಚೀಲಗಳ ನಡುವೆ ಅರ್ಧ ತಾಸು ಕಣ್ಣು ಮುಚ್ಚಿ ಕೂತಿದ್ದಾರೆ. ಕೂತಾಗ ಏನು ಬಂತು ಎಂಬಲ್ಲಿ “ಉಸಿರು, ಶಾಂತಿ” ಎಂದಿದೆ. ಎದ್ದ ಮೇಲೆ ಎಂಬಲ್ಲಿ “ಅವರು ಹೋಗಿಬಿಟ್ಟಿದ್ದರು” ಎಂದಿದೆ. ಅದನ್ನು ಗಟ್ಟಿಯಾಗಿ ಓದಿ ಹೇಳುವಾಗ ಅವರು ಮೊದಲ ಬಾರಿಗೆ ತಲೆ ತಗ್ಗಿಸಿದರು. ಎರಡು ವಾರದಲ್ಲಿ ಒಂದು ಸಲವೂ, ಎದ್ದ ಮೇಲೆ ಅಕ್ಕನಿಗೆ ತಿರುಗಿ ಫೋನ್ ಮಾಡಿದ್ದು ಆ ಪುಸ್ತಕದಲ್ಲಿ ಇರಲಿಲ್ಲ.

ಬಳೆಗಳ ಸಂಗತಿ ಹೊರಬಿದ್ದದ್ದೂ ಆ ಪುಸ್ತಕದಿಂದಲೇ. ಸೊಸೈಟಿಯ ಗುಮಾಸ್ತನನ್ನು ಕಂಡರೆ ಏಕೆ ಎದ್ದು ಹೋಗಬೇಕು ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: ಆಸ್ಪತ್ರೆಯ ಮುಂಗಡಕ್ಕಾಗಿ ಅವ್ವನ ನಾಲ್ಕು ಬಳೆಗಳನ್ನು ಸೊಸೈಟಿಯಲ್ಲಿ ಅಡವಿಟ್ಟಿದ್ದರು, ವರ್ಷದ ಅವಧಿ ಮುಗಿದು ನೋಟಿಸು ಬಂದಿತ್ತು, ಅದನ್ನು ಒಡೆಯದೆ ಗಲ್ಲಾಪೆಟ್ಟಿಗೆಯ ಅಡಿಯಲ್ಲಿ ಇಟ್ಟಿದ್ದರು. ಹೆಂಡತಿಗೂ ಗೊತ್ತಿರಲಿಲ್ಲ, ಅಕ್ಕನಿಗೂ ಗೊತ್ತಿರಲಿಲ್ಲ. ತಮ್ಮನು ಅವ್ವನ ಬಳೆಗಳನ್ನು ತನ್ನ ಹೆಂಡತಿಗೆ ಇಟ್ಟುಕೊಂಡಿದ್ದಾನೆ ಎಂದು ಅಕ್ಕ ಲೆಕ್ಕ ಹಾಕಿದ್ದರೆ ಆಶ್ಚರ್ಯವಿಲ್ಲ.

ಇಷ್ಟಾದ ಮೇಲೆ ಅವರಿಗೆ ನಾನು ಧ್ಯಾನದ ಕುರಿತು ವಿವರವಾಗಿ ಮಾತನಾಡಿದೆ. ಅವರು ಕೇಳಿದ ಪ್ರಶ್ನೆಯೂ ನ್ಯಾಯವಾದದ್ದೇ ಆಗಿತ್ತು: “ಮನಸ್ಸು ಎಲ್ಲಿಗೆ ಓಡಿದರೂ ಉಸಿರಿಗೆ ತಂದು ನಿಲ್ಲಿಸಿ ಅಂತಲೇ ಅಲ್ಲವೇ ಎಲ್ಲರೂ ಕಲಿಸೋದು? ನಾನು ಅದನ್ನೇ ಮಾಡ್ತಾ ಇದ್ದೀನಿ.” ಹೌದು, ಹಾಗೆಂದೇ ಕಲಿಸುತ್ತಾರೆ. ಆದರೆ ಬಂದ ವಿಚಾರವನ್ನು ಬಂದಿದೆ ಎಂದು ಗುರುತಿಸಿ ಉಸಿರಿಗೆ ಮರಳುವುದು ಬೇರೆ, ಅದು ಪೂರ್ತಿ ಬರುವ ಮುನ್ನವೇ ಉಸಿರಿನ ಹಿಂದೆ ಅಡಗುವುದು ಬೇರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಎರಡನೆಯದರಿಂದ ಏನಾಗುತ್ತದೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಒಂದು ಸರಳ ಪ್ರಯೋಗ ತೋರಿಸಿತು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ವಿದ್ಯಾರ್ಥಿಗಳಿಗೆ ಹೇಳಿದಾಗ ಅವರು ಮತ್ತೆ ಮತ್ತೆ ಗಂಟೆ ಬಾರಿಸಿದರು. ಅದಕ್ಕಿಂತ ಮುಖ್ಯವಾಗಿ, ಆಮೇಲೆ ನೆನೆಯಬಹುದು ಎಂದು ಬಿಟ್ಟಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿಯ ನೆನಪು ಹೆಚ್ಚಾಗಿ ಬಂತು. ಮನಸ್ಸು ಒಂದು ವಿಚಾರವನ್ನು ತಡೆಯಬೇಕಾದರೆ ಅದು ಬಂತೇ ಎಂದು ಸದಾ ಕಾಯುತ್ತಿರಬೇಕಾಗುತ್ತದೆ, ಆ ಕಾವಲೇ ಅದನ್ನು ಜೀವಂತವಾಗಿ ಇಡುತ್ತದೆ. ಕರಡಿಯ ವಿಷಯದಲ್ಲೇ ಹೀಗಾದರೆ, ಅವ್ವನ ಕೊನೆಯ ನಾಲ್ಕು ದಿನಗಳ ವಿಷಯದಲ್ಲಿ ಹೇಗಾಗಬೇಡ?

ಹಾಗೆಂದು ತಪ್ಪಿಸಿಕೊಳ್ಳುವುದೆಲ್ಲ ರೋಗ ಎಂದು ನಾನು ತಿಳಿದಿಲ್ಲ, ಸದಾಶಿವಪ್ಪನವರಿಗೂ ಹಾಗೆ ಹೇಳಲಿಲ್ಲ. ನೆದರ್‌ಲ್ಯಾಂಡ್ಸ್‌ನ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮುಂದಿಟ್ಟ ವಿವರಣೆಯ ಪ್ರಕಾರ, ಸತ್ತವರ ದುಃಖದಲ್ಲಿರುವವರು ಒಮ್ಮೆ ಆ ನಷ್ಟದ ಕಡೆಗೆ, ಒಮ್ಮೆ ಬದುಕಿನ ಉಳಿದ ಕೆಲಸಗಳ ಕಡೆಗೆ ಹೊಯ್ದಾಡುತ್ತಲೇ ಇರುತ್ತಾರೆ. ಕೆಲವು ಹೊತ್ತು ದುಃಖದಿಂದ ದೂರ ಇರುವುದು ಆ ಹೊಯ್ದಾಟದ ಒಂದು ಭಾಗ, ಅದು ಬೇಕಾದದ್ದೇ. ನಮ್ಮ ಹಳ್ಳಿಯ ಮನೆಗಳಲ್ಲಿ ಸೂತಕದ ದಿನಗಳು ಮುಗಿಯುವ ಮೊದಲೇ ಯಾರಾದರೂ ಹಸುವಿನ ಹಾಲು ಕರೆಯಲೇಬೇಕಾಗಿ ಬಂದು ಏಳುವುದಿಲ್ಲವೇ, ಅದರಲ್ಲಿ ಒಂದು ಆರೋಗ್ಯವಿದೆ. ಸದಾಶಿವಪ್ಪನವರಲ್ಲಿ ಹೊಯ್ದಾಟ ನಿಂತೇ ಹೋಗಿತ್ತು. ಅವರು ಅವ್ವನ ನೆನಪಿಗೂ ಹೋಗುತ್ತಿರಲಿಲ್ಲ, ಬದುಕಿನ ಕೆಲಸಗಳಿಗೂ ಬರುತ್ತಿರಲಿಲ್ಲ. ಎರಡರ ನಡುವೆ ಬಿಳಿ ಬಣ್ಣ ಬಳಿದ ಒಂದು ಕೋಣೆಯಲ್ಲಿ ಕೂತಿದ್ದರು.

ಧ್ಯಾನ ಪರಂಪರೆಗಳಿಗೆ ಈ ಅಪಾಯ ತಿಳಿಯದೆ ಇರಲಿಲ್ಲ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಪಶ್ಚಿಮದ ಪ್ರಯೋಗಶಾಲೆಗಳು ಬಂದು ನಮಗೆ ಕಲಿಸಿದಂತೆ ಆಗುತ್ತದೆ. ಬುದ್ಧನ ಉಪದೇಶಗಳ ಸಂಗ್ರಹವಾದ ಪಾಲಿ ಮಜ್ಝಿಮ ನಿಕಾಯದ ವಿತಕ್ಕಸಂಠಾನ ಸುತ್ತ ಕಾಡುವ ವಿಚಾರಗಳಿಗೆ ಐದು ಉಪಾಯಗಳನ್ನು ಕ್ರಮವಾಗಿ ಹೇಳುತ್ತದೆ: ಅದರ ಜಾಗಕ್ಕೆ ಒಳ್ಳೆಯದೊಂದನ್ನು ತರುವುದು, ಅದರ ಕೇಡನ್ನು ಪರಿಶೀಲಿಸುವುದು, ಅದರ ಕಡೆ ಗಮನ ಕೊಡದಿರುವುದು, ಅದು ಹುಟ್ಟುವ ಬಗೆಯನ್ನು ಶಮನಗೊಳಿಸುವುದು, ಇವು ಯಾವುವೂ ಆಗದಿದ್ದಾಗ ಕೊನೆಗೆ ಹಲ್ಲು ಕಚ್ಚಿ ಮನಸ್ಸನ್ನು ಹತ್ತಿಕ್ಕುವುದು. ಹತ್ತಿಕ್ಕುವುದು ಅಲ್ಲಿ ಕೊನೆಯ ಉಪಾಯ, ಇವರದು ಮೊದಲನೆಯದಾಗಿತ್ತು. ಅದಲ್ಲದೆ ಆ ಉಪದೇಶ ಇರುವುದು ಆಸೆ, ದ್ವೇಷ, ಮೋಹಗಳಿಂದ ಹುಟ್ಟುವ ವಿಚಾರಗಳಿಗೆ. ಸೊಸೈಟಿಯ ನೋಟಿಸು ಚಿತ್ತವೃತ್ತಿಯಲ್ಲ. ಅದಕ್ಕೆ ಉತ್ತರ ಕೊಡಬೇಕು. ಗೀತೆಯ ಮೂರನೆಯ ಅಧ್ಯಾಯದ ಆರನೆಯ ಶ್ಲೋಕವೂ, ಕರ್ಮೇಂದ್ರಿಯಗಳನ್ನು ಬಿಗಿಹಿಡಿದು ಮನಸ್ಸಿನಲ್ಲಿ ಮಾತ್ರ ವಿಷಯಗಳನ್ನು ನೆನೆಯುತ್ತ ಕೂತವನನ್ನು ಹೊಗಳುವುದಿಲ್ಲ. ಅವನನ್ನು ಮಿಥ್ಯಾಚಾರಿ ಎನ್ನುತ್ತದೆ. ಈ ಕೊನೆಯ ಮಾತನ್ನು ನಾನು ಸದಾಶಿವಪ್ಪನವರಿಗೆ ಹೇಳಲಿಲ್ಲ. ಮೊದಲೇ ತನ್ನನ್ನು ಅಪರಾಧಿ ಎಂದುಕೊಂಡಿರುವವನ ಮೇಲೆ ಇನ್ನೊಂದು ಬೈಗುಳ ಹೊರಿಸುವುದರಿಂದ ಪ್ರಯೋಜನವಿಲ್ಲ. ಸ್ವತಃ ಬೌದ್ಧ ಸಾಧಕರೂ ಮನೋಚಿಕಿತ್ಸಕರೂ ಆಗಿದ್ದ ಅಮೆರಿಕದ ಜಾನ್ ವೆಲ್‌ವುಡ್, ಬಗೆಹರಿಯದ ನೋವುಗಳನ್ನು ಅಧ್ಯಾತ್ಮದ ಹೆಸರಿನಲ್ಲಿ ಸುತ್ತಿಬಳಸಿ ದಾಟಿಬಿಡುವ ಈ ಅಭ್ಯಾಸಕ್ಕೆ 1984ರಲ್ಲೇ ‘ಸ್ಪಿರಿಚುವಲ್ ಬೈಪಾಸಿಂಗ್’ ಎಂಬ ಹೆಸರು ಕೊಟ್ಟಿದ್ದರು. ಅವರು ಅದನ್ನು ಮೊದಲು ಕಂಡದ್ದು ತಮ್ಮದೇ ಸಾಧಕರ ಬಳಗದಲ್ಲಿ.

ಇನ್ನೊಂದು ದಿಕ್ಕಿನ ಸಾಕ್ಷ್ಯವೂ ಇದೆ, ಅದೂ ಗಟ್ಟಿಯಾಗಿದೆ. ಜಾನ್ ಟೀಸ್‌ಡೇಲ್, ಜಿಂಡೆಲ್ ಸೀಗಲ್, ಮಾರ್ಕ್ ವಿಲಿಯಮ್ಸ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ಅಥವಾ ಹೆಚ್ಚು ಸಲ ಖಿನ್ನತೆ ಬಂದುಹೋದವರ ಪೈಕಿ ಎಂದಿನ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಶೇ 66ರಷ್ಟು ಮಂದಿಗೆ ಅದು ಮರುಕಳಿಸಿತು. ಧ್ಯಾನಾಧಾರಿತ ಎಂಟು ವಾರಗಳ ತರಬೇತಿಯನ್ನೂ ಪಡೆದವರಲ್ಲಿ ಆ ಪ್ರಮಾಣ ಶೇ 37. ಎರಡೇ ಸಲ ಬಂದುಹೋದವರಿಗೆ ಮಾತ್ರ ಅಂಥ ಲಾಭ ಕಾಣಲಿಲ್ಲ. ಆ ತರಬೇತಿಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು ಅಂಶ. ಮೊದಲ ವಾರಗಳಲ್ಲಿ ಉಸಿರು ಮತ್ತು ದೇಹದ ಮೇಲೆ ಗಮನ ನಿಲ್ಲಿಸುವುದನ್ನು ಕಲಿಸಿ, ಉತ್ತರಾರ್ಧದಲ್ಲಿ ಒಂದು ಕಷ್ಟದ ಸಂಗತಿಯನ್ನು ಬೇಕೆಂದೇ ಮನಸ್ಸಿಗೆ ಕರೆತಂದು, ಅದು ಎದೆಯಲ್ಲೋ ಗಂಟಲಲ್ಲೋ ಹೊಟ್ಟೆಯಲ್ಲೋ ಎಲ್ಲಿ ಹಿಡಿಯುತ್ತದೆ ಎಂದು ನೋಡುತ್ತ ಅದರ ಜೊತೆ ಇರುವುದನ್ನು ಕಲಿಸುತ್ತಾರೆ. ಸದಾಶಿವಪ್ಪ ಮೊದಲ ಅರ್ಧವನ್ನು ಚೆನ್ನಾಗಿ ಕಲಿತು ಅಲ್ಲಿಯೇ ಬಿಡಾರ ಹೂಡಿದ್ದರು. ಅವರ ಬಳಿ ಗಮನ ನಿಲ್ಲಿಸುವ ಶಕ್ತಿ ಇತ್ತು, ಅದು ಸಣ್ಣ ಸಂಪತ್ತಲ್ಲ. ಅದನ್ನು ಯಾವುದರ ಮೇಲೆ ನಿಲ್ಲಿಸಬೇಕು ಎಂಬುದಷ್ಟೇ ಬಾಕಿ ಇತ್ತು.

ಮಾತ್ರೆ ಕೆಲಸ ಮಾಡತೊಡಗಿ ನಿದ್ದೆ ಸ್ವಲ್ಪ ಸುಧಾರಿಸಿದ ಮೇಲೆ ಒಂದು ಭೇಟಿಯಲ್ಲಿ, ಅವರನ್ನು ಕಣ್ಣು ತೆರೆದೇ, ಪಾದ ನೆಲಕ್ಕೂರಿ ಕುರ್ಚಿಯಲ್ಲಿ ಕೂರಿಸಿ, ಬಂದ ವಿಚಾರದ ವಾಕ್ಯ ಮುಗಿಯುವವರೆಗೆ ಉಸಿರಿಗೆ ಹೋಗಬೇಡಿ ಎಂದೆ. ಆ ವಿಚಾರ ಯಾವಾಗಲೂ “ಅವ್ವನನ್ನ ನಾನೇ…” ಎಂಬಲ್ಲಿಗೆ ತುಂಡಾಗುತ್ತಿತ್ತು. ಆ ದಿನವೂ ಅಲ್ಲಿಗೆ ಬಂದು ನಿಂತಿತು. ಅವರ ಕೈ ಮೊಣಕಾಲನ್ನು ಹಿಡಿದುಕೊಂಡಿತು, ಕಣ್ಣು ಮುಚ್ಚಲು ಹೋಯಿತು. ತೆರೆದಿರಲಿ, ಪೂರ್ತಿ ಹೇಳಿ ಎಂದೆ. ಬಹಳ ಹೊತ್ತಿನ ನಂತರ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಕೊಡುತ್ತೇನೆ: “‘ಮನಿಗೆ ಕರ್ಕೊಂಡು ಹೋಗಪ್ಪಾ’ ಅಂತ ಅವ್ವ ಅಂದಿದ್ದು ನಿಜ. ಆದರೆ ಅವತ್ತೇ ಸಂಜೆ ಬಿಲ್ಲಿನ ಕೌಂಟರಿನಲ್ಲಿ ಇನ್ನೂ ಕಟ್ಟಬೇಕು ಅಂದಿದ್ರು. ಡಯಾಲಿಸಿಸ್ ಶುರು ಮಾಡಬೇಕು ಅಂತ ಡಾಕ್ಟರು ಅಂದಿದ್ರು. ನಾನು ಸ್ವಂತ ಜವಾಬ್ದಾರಿ ಮೇಲೆ ಕರ್ಕೊಂಡು ಹೋಗ್ತೀನಿ ಅಂತ ಸಹಿ ಮಾಡಿದೆ. ಎಲ್ಲರಿಗೂ ಅವ್ವ ಕೇಳಿದಳು, ಅದಕ್ಕೇ ಕರ್ಕೊಂಡು ಬಂದೆ ಅಂತ ಹೇಳಿದೀನಿ. ದುಡ್ಡಿನ ಮಾತು ಯಾರಿಗೂ ಹೇಳಿಲ್ಲ. ನಾಲ್ಕನೇ ದಿನ ಹೋಗಿಬಿಟ್ಟಳು.”

ಇಂಥ ಮಾತನ್ನು ಕೇಳಿದಾಗ ಹತ್ತಿರದವರು ಮಾತ್ರವಲ್ಲ, ಆಪ್ತಸಲಹೆಗಾರರೂ ಅವಸರ ಮಾಡುತ್ತಾರೆ: ನಿಮ್ಮದೇನೂ ತಪ್ಪಿಲ್ಲ, ಅವರ ಆಯಸ್ಸೇ ಅಷ್ಟು, ಮರೆತುಬಿಡಿ. ಸಮಾಧಾನದ ಆ ಮಾತುಗಳೂ ಉಸಿರಿನ ಹಿಂದೆ ಅಡಗಿದಂತೆಯೇ, ವಾಕ್ಯವನ್ನು ಮತ್ತೆ ನಡುವೆಯೇ ತುಂಡರಿಸುತ್ತವೆ. ಅವರು ಅವ್ವನ ಮಾತಿಗೆ ಬೆಲೆ ಕೊಟ್ಟದ್ದೂ ನಿಜ, ದುಡ್ಡು ಮುಗಿದದ್ದೂ ನಿಜ. ಎರಡರಲ್ಲಿ ಯಾವುದು ಎಷ್ಟು ಕಾರಣವಾಯಿತು ಎಂದು ತೂಗಿ ಹೇಳಬಲ್ಲ ತಕ್ಕಡಿ ಯಾರ ಬಳಿಯೂ ಇಲ್ಲ, ಅವರ ಬಳಿಯೂ ಇಲ್ಲ. ಇದನ್ನು ನಾನು ಅವರಿಗೆ ಇಷ್ಟೇ ಶಬ್ದಗಳಲ್ಲಿ ಹೇಳಿ ಸುಮ್ಮನಾದೆ.

ನಂತರ ಕೊಟ್ಟ ಸಲಹೆಗಳನ್ನು, ಇಂಥದೇ ಸ್ಥಿತಿಯಲ್ಲಿರುವವರಿಗೆ ಉಪಯೋಗವಾದೀತೆಂದು, ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಧ್ಯಾನವನ್ನು ಬಿಡಬೇಡಿ ಎಂದೆ. ಆದರೆ ಬೆಳಿಗ್ಗೆ ಇಪ್ಪತ್ತು ನಿಮಿಷಕ್ಕೆ ಇಳಿಸಿ, ಅದೂ ಬೆಳಕು ಹರಿದ ಮೇಲೆ, ನಡುಮನೆಯಲ್ಲಿ, ಮನೆಯವರು ಓಡಾಡುವ ಜಾಗದಲ್ಲಿ. ಹಗಲಿನ “ಬೇಕು ಅನ್ನಿಸಿದಾಗಿನ” ಧ್ಯಾನವನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಬೇಕು. ಅಕ್ಕನ ಫೋನು ಬಂದಾಗ, ಗುಮಾಸ್ತ ಕಂಡಾಗ ಎದೆ ಹಿಡಿದಂತಾದರೆ ಮೂರು ಉಸಿರಿನಷ್ಟು ಹೊತ್ತು ನಿಂತು, ಆಮೇಲೆ ಫೋನನ್ನೇ ಎತ್ತಬೇಕು, ಗುಮಾಸ್ತನಿಗೇ ನಮಸ್ಕಾರ ಹೇಳಬೇಕು. ಉಸಿರು ಎದುರಿಸುವ ಕೆಲಸಕ್ಕೆ ಮುಂಚಿನ ಸಿದ್ಧತೆಯಾಗಬೇಕೇ ಹೊರತು ಕೆಲಸದ ಬದಲಿಗೆ ಬರುವ ವಸ್ತುವಾಗಬಾರದು. ಬೆಳಗಿನ ಇಪ್ಪತ್ತು ನಿಮಿಷದಲ್ಲಿ ಅವ್ವನ ವಿಚಾರ ಬಂದರೆ ವಾಕ್ಯ ಮುಗಿಯಲು ಬಿಟ್ಟು, ಅದು ಮೈಯಲ್ಲಿ ಎಲ್ಲಿ ಹಿಡಿಯಿತು ಎಂದು ನೋಡಿ, ಆ ಮೇಲೆ ಉಸಿರಿಗೆ ಬರಬಹುದು. ಒಂದು ಎಚ್ಚರಿಕೆಯನ್ನೂ ಕೊಟ್ಟೆ: ಕೂತಾಗ ಮೈ ತನ್ನದಲ್ಲ ಎನ್ನಿಸಿದರೆ, ಆಸ್ಪತ್ರೆಯ ದೃಶ್ಯ ಈಗಲೇ ನಡೆಯುತ್ತಿರುವಂತೆ ಕಣ್ಣಿಗೆ ಕಟ್ಟಿ ಉಸಿರು ಸಿಕ್ಕಿಕೊಂಡರೆ, ಸಹಿಸಿಕೊಂಡು ಕೂರುವುದು ಸಾಧನೆಯಲ್ಲ, ಕಣ್ಣು ತೆರೆದು, ಎದ್ದು, ತಣ್ಣೀರಿನಲ್ಲಿ ಮುಖ ತೊಳೆದು ಯಾರೊಡನೆಯಾದರೂ ಮಾತನಾಡಬೇಕು. ಧ್ಯಾನದಿಂದ ಭಯ, ನಿದ್ರಾಹೀನತೆ, ಮೈಮನಸ್ಸು ಬೇರ್ಪಟ್ಟ ಅನುಭವ ಉಂಟಾದವರ ಕುರಿತು ಜೇರೆಡ್ ಲಿಂಡಾಲ್ ಮತ್ತು ವಿಲೋಬಿ ಬ್ರಿಟನ್ ತಂಡ 2017ರಲ್ಲಿ ವಿವರವಾದ ಅಧ್ಯಯನವನ್ನೇ ಪ್ರಕಟಿಸಿದೆ. ಅವರಲ್ಲಿ ಅನುಭವಿ ಸಾಧಕರೂ, ಕಲಿಸುವವರೂ ಇದ್ದರು.

ಎರಡನೆಯದು ಆಸ್ಪತ್ರೆಯ ಕಡತ. ಅದು ಗೋದಾಮಿನ ಅಟ್ಟದ ಮೇಲಿತ್ತು. ಅದನ್ನು ಒಬ್ಬರೇ ತೆರೆಯಬೇಡಿ, ಗಿರಿಜಾ ಅವರೊಂದಿಗೆ ಹಗಲು ಹೊತ್ತಿನಲ್ಲಿ ತೆರೆಯಿರಿ, ಓದಿ ತಿಳಿಯದ್ದನ್ನು ಬರೆದುಕೊಂಡು ಕುಟುಂಬ ವೈದ್ಯರ ಬಳಿಗೆ ಹೋಗಿ ಕೇಳಿ ಎಂದೆ. ಕೇಳಬೇಕಾದ ಪ್ರಶ್ನೆಯನ್ನು ಇಬ್ಬರೂ ಕೂಡಿ ತಿದ್ದಿದೆವು. “ನನ್ನಿಂದ ತಪ್ಪಾಯಿತೇ?” ಎಂಬ ಪ್ರಶ್ನೆಗೆ ಯಾವ ವೈದ್ಯರೂ ಇಲ್ಲ ಎಂದೇ ಹೇಳುತ್ತಾರೆ. “ಡಯಾಲಿಸಿಸ್ ಮಾಡಿಸಿದ್ದರೆ ಏನಾಗಬಹುದಿತ್ತು?” ಎಂದು ಕೇಳಿದರೆ ಉತ್ತರ ಸಿಗುತ್ತದೆ. ವೈದ್ಯರು ಕಡತವನ್ನೆಲ್ಲ ನೋಡಿ, ಹೃದಯವೂ ಸೋತಿದ್ದ ಆ ವಯಸ್ಸಿನಲ್ಲಿ ಇನ್ನು ಕೆಲವು ವಾರ ಸಿಕ್ಕಿರಬಹುದಿತ್ತು, ಸಿಗದೆಯೂ ಇರಬಹುದಿತ್ತು, ಐಸಿಯುನಲ್ಲಿಯೇ ಹೋಗುವ ಸಂಭವವೂ ಇತ್ತು ಎಂದರಂತೆ. ಸದಾಶಿವಪ್ಪ ಆ ಉತ್ತರದಿಂದ ಹಗುರಾಗಿ ಬಂದರು ಎಂದು ಬರೆದರೆ ಸುಳ್ಳಾಗುತ್ತದೆ. ಅಂದು ರಾತ್ರಿ ಅವರು ಬಹಳ ಅತ್ತರು. ಅವ್ವ ಹೋದ ಮೇಲೆ ಅತ್ತದ್ದು ಅದೇ ಮೊದಲು ಎಂದು ಗಿರಿಜಾ ಹೇಳಿದರು. ಧ್ಯಾನ ಮಾಡುವವನು ಅತ್ತರೆ ಸಾಧನೆ ಕೆಟ್ಟಂತೆ ಎಂದು ಅವರು ನಂಬಿದ್ದರು. ಹಾಗೆಂದು ಅವರಿಗೆ ಯಾರು ಹೇಳಿದ್ದರೋ, ಅವರೂ ನೆನಪಿಸಿಕೊಳ್ಳಲಾರರು.

ಮೂರನೆಯದು ಸೊಸೈಟಿ. ಇದು ಸಲಹೆ ಕೊಡಲು ಎಲ್ಲಕ್ಕಿಂತ ಸುಲಭವಾದದ್ದು, ಅವರಿಗೆ ಮಾಡಲು ಎಲ್ಲಕ್ಕಿಂತ ಕಷ್ಟವಾದದ್ದು. ನೋಟಿಸನ್ನು ನನ್ನ ಮುಂದೆಯೇ ಒಡೆದರು. ಹರಾಜಿಗೆ ಇನ್ನೂ ದಿನವಿತ್ತು. ಬಡ್ಡಿ ಕಟ್ಟಿದರೆ ಸಾಲವನ್ನು ಮುಂದುವರಿಸಿಕೊಳ್ಳಬಹುದಿತ್ತು, ಗಿರಿಜಾ ತಮ್ಮ ಸ್ವಸಹಾಯ ಸಂಘದಿಂದ ಹಣ ತಂದು ಬಡ್ಡಿ ಕಟ್ಟಿದರು.

ಅಕ್ಕನಿಗೆ ಹೇಳುವುದು ಕೊನೆಯದಾಗಿ ಉಳಿಯಿತು. ಫೋನಿನಲ್ಲಿ ಬೇಡ, ಹೋಗಿಯೇ ಹೇಳಿ ಎಂದಿದ್ದೆ. ಬಳೆಯ ಮಾತು ಮೊದಲು, ಸಹಿಯ ಮಾತು ಆಮೇಲೆ, ಕ್ಷಮೆ ಕೇಳುವುದಾದರೆ ಮುಚ್ಚಿಟ್ಟದ್ದಕ್ಕೆ ಕೇಳಿ, ಕರೆತಂದದ್ದಕ್ಕಲ್ಲ ಎಂದೂ ಹೇಳಿದ್ದೆ. ಅಕ್ಕ ಎಲ್ಲವನ್ನೂ ಕೇಳಿ, “ದುಡ್ಡು ಬೇಕಿತ್ತಂದ್ರೆ ನನ್ನ ಕೇಳಬಾರದಿತ್ತೇನೋ? ನಾನು ಅವಳ ಮಗಳಲ್ಲೇನು?” ಎಂದು ಎದ್ದು ಒಳಗೆ ಹೋದರು. ಸದಾಶಿವಪ್ಪ ಊಟ ಮಾಡದೆ ವಾಪಸು ಬಂದರು. ಮರುದಿನ ಬೆಳಿಗ್ಗೆ ಎರಡು ತಾಸು ಧ್ಯಾನಕ್ಕೆ ಕೂತಿದ್ದೆ ಎಂದು ಮುಂದಿನ ಭೇಟಿಯಲ್ಲಿ ತಾವಾಗಿಯೇ ಹೇಳಿದರು. ಪುಸ್ತಕದಲ್ಲಿ, ಕೂರುವ ಮುನ್ನ ಏನು ನಡೆಯಿತು ಎಂಬಲ್ಲಿ “ಅಕ್ಕನ ಸಿಟ್ಟು” ಎಂದು ತಾವೇ ಬರೆದಿದ್ದರು. ಅದನ್ನು ನಾನು ಹಿನ್ನಡೆ ಎಂದು ಎಣಿಸಲಿಲ್ಲ. ಏಕೆ ಕೂತೆ ಎಂಬುದು ಈಗ ಅವರಿಗೆ ಗೊತ್ತಿತ್ತು. ಕೆಲವು ವಾರಗಳ ನಂತರ ಅಕ್ಕ ಫೋನ್ ಮಾಡಿ, ಬಳೆ ಬಿಡಿಸಲು ಅರ್ಧ ತಾನೇ ಹಾಕುವುದಾಗಿಯೂ ಎರಡು ಬಳೆ ತನಗೆ ಬರಬೇಕೆಂದೂ ಹೇಳಿದರು. ಇಬ್ಬರ ನಡುವೆ ಮಾತು ಶುರುವಾಗಿದೆ. ಸಹಿಯ ವಿಷಯವನ್ನು ಅಕ್ಕ ಮತ್ತೆ ಎತ್ತಿಲ್ಲ, ಎತ್ತುವ ದಿನವೂ ಬರಬಹುದು ಎಂದು ಅವರಿಗೆ ಹೇಳಿಟ್ಟಿದ್ದೇನೆ.

ಈ ಪ್ರಕರಣದ ಸಲಹೆಯನ್ನು ಎಲ್ಲರೂ ತಮಗೆ ಹಾಗೆಯೇ ಅನ್ವಯಿಸಿಕೊಳ್ಳಬಾರದು. ಉದಾಹರಣೆಗೆ, ಹಸುಗೂಸಿಗೆ ತನ್ನ ಕೈಯಿಂದ ಏನಾದರೂ ಆಗಿಬಿಟ್ಟರೆ ಎಂಬ ಬೇಡದ ವಿಚಾರದಿಂದ ನರಳುವ ಬಾಣಂತಿಯರನ್ನು ನಾನು ನೋಡಿದ್ದೇನೆ. ಅಂಥ ವಿಚಾರಕ್ಕೆ ಸದಾಶಿವಪ್ಪನವರ ವಾಕ್ಯದಂತೆ ಹಿಂದೆ ನಡೆದ ಘಟನೆಯಾಗಲಿ ಮುಂದೆ ಮಾಡಬೇಕಾದ ಕೆಲಸವಾಗಲಿ ಇರುವುದಿಲ್ಲ; ಅದನ್ನು ಅಗೆದು ಅರ್ಥ ಹುಡುಕಿದಷ್ಟೂ ಬಲಿಯುತ್ತದೆ. ಅವರಿಗೆ ಕಲಿಸಬೇಕಾದದ್ದು, ಬಂದ ವಿಚಾರವನ್ನು ಪರೀಕ್ಷಿಸದೆ, ಓಡಿಸದೆ, ಅದಕ್ಕಾಗಿ ಜಪವನ್ನಾಗಲಿ ಉಸಿರಿನ ಎಣಿಕೆಯನ್ನಾಗಲಿ ಪರಿಹಾರವಾಗಿ ಮಾಡದೆ ಮಗುವಿಗೆ ಹಾಲುಣಿಸುವ ಕೆಲಸವನ್ನು ಮುಂದುವರಿಸುವುದು. ಅದಕ್ಕೆ ಬೇರೆಯದೇ ಚಿಕಿತ್ಸಾಕ್ರಮವಿದೆ, ಅದನ್ನು ತಿಳಿದವರ ಬಳಿಯೇ ಮಾಡಿಸಿಕೊಳ್ಳಬೇಕು.

ಸದಾಶಿವಪ್ಪ ಕಳೆದ ಭೇಟಿಯಲ್ಲಿ, ಮತ್ತೊಂದು ಹತ್ತು ದಿನಗಳ ಶಿಬಿರಕ್ಕೆ ಹೋಗಬಹುದೇ ಎಂದು ಕೇಳಿದರು. ಈ ಮುಂಗಾರಿನ ವ್ಯಾಪಾರ ಮುಗಿಯಲಿ, ಬಳೆ ಬಿಡಿಸಿದ ಮೇಲೆ ಹೋಗಿ ಎಂದೆ. ಅರ್ಜಿಯಲ್ಲಿ ಖಿನ್ನತೆಯನ್ನೂ ಮಾತ್ರೆಯನ್ನೂ ಮುಚ್ಚಿಡದೆ ಬರೆಯಬೇಕು, ಅದಕ್ಕಾಗಿ ಪ್ರವೇಶ ಸಿಗದಿದ್ದರೆ ಒಪ್ಪಿಕೊಳ್ಳಬೇಕು, ಮನೋವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ಶಿಬಿರದಲ್ಲಿ ನಿದ್ದೆ ಕೆಟ್ಟರೆ ಮೌನ ಮುರಿದು ಅಲ್ಲಿಯ ಆಚಾರ್ಯರಿಗೆ ತಿಳಿಸಬೇಕು. ಜೊತೆಗೆ, ಹೊರಡುವ ವಾರ ಮನೆಯಲ್ಲಿ ಏನು ನಡೆದಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆದು ನನಗೊಮ್ಮೆ ತೋರಿಸಿ ಹೋಗಬೇಕೆಂದು ಹೇಳಿದ್ದೇನೆ. ಅವರು ಅರ್ಜಿಯನ್ನು ಇನ್ನೂ ಹಾಕಿಲ್ಲ.